ಅರ್ಧ ತಟ್ಟೆ ಹಣ್ಣು, ಅರ್ಧ ತಟ್ಟೆ ತರಕಾರಿ, ನಮ್ಮವರ ಕಣ್ಣಿನ ಪೊರೆ

ಮೊನ್ನೆ ಒಬ್ಬರು ಇನ್‌ಬಾಕ್ಸಿಗೆ ಬಂದು, "ಮೇಡಂ, ನಾನು ಹಸಿ ಆಹಾರ ಶುರು ಮಾಡಿದ್ದೇನೆ. ಹಣ್ಣು ಎಷ್ಟು ತಿನ್ನಬೇಕು, ತರಕಾರಿ ಎಷ್ಟು ತಿನ್ನಬೇಕು ಅಂತ ನಿಮಗೆ ಅನುಭವ ಇದೆಯಂತೆ, ಸ್ವಲ್ಪ ಹೇಳಿ" ಎಂದು ಕೇಳಿದರು. ಜೊತೆಗೆ ಒಂದು ಫೋಟೋ. ಕ್ಯಾರೆಟ್ಟನ್ನು ಹೂವಿನ ಹಾಗೆ ಕೆತ್ತಿ, ಅದರ ಮೇಲೆ ದಾಳಿಂಬೆ ಕಾಳು ಚೆಲ್ಲಿ, ಪಕ್ಕದಲ್ಲಿ ಒಂದು ಪುದೀನ ಎಲೆಯನ್ನು ಮಲಗಿಸಿದ್ದರು. ಆ ತಟ್ಟೆಯನ್ನು ಕತ್ತರಿಸಿ ಜೋಡಿಸಿದವರು ಅವರಲ್ಲ, ಅವರ ಹೆಂಡತಿ ಎಂದು ನನಗೆ ಫೋಟೋದಲ್ಲೇ ಗೊತ್ತಾಯಿತು. ಗಂಡಸರು ಕತ್ತರಿಸಿದ ಕ್ಯಾರೆಟ್ ಹಾಗಿರುವುದಿಲ್ಲ.

ಅನುಭವ ನನಗೆ ಇದೆ. ಬೇಕಾದಷ್ಟಿದೆ. ಒಬ್ಬರಿಗೆ ಮಾತ್ರ ಹೇಳಿದರೆ ನಷ್ಟ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚಹಾ ಮಾಡಿಕೊಂಡು ಕೂತು ಓದಿ. ಚಹಾ ಬೆಂಕಿ ಮುಟ್ಟಿದ ಪದಾರ್ಥ, ನಿಮ್ಮ ಹಸಿ ಆಹಾರದ ಗುರುಗಳಿಗೆ ಹೇಳಬೇಡಿ.

ವಾಟ್ಸಾಪ್ ಆಗಷ್ಟೇ ಮನೆಮನೆಗೆ ಬಂದಿದ್ದ ಕಾಲ. ನಾವಿದ್ದದ್ದು ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ. ನಮ್ಮವರದು ಕಲ್ಯಾಣ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು, ಒಬ್ಬ ಪಾಲುದಾರನ ಜೊತೆ. ಹುಡುಗನಾಗಿದ್ದಾಗ ಊರಿಂದ ಬಂದು ರುಬ್ಬುವ ಕಲ್ಲಿನಿಂದ ಶುರು ಮಾಡಿ ಗಲ್ಲಾದವರೆಗೆ ಮುಟ್ಟಿದವರು. ಗಲ್ಲಾ ಎಂದರೆ ಬಾಗಿಲ ಬಳಿ ಹಣ ತೆಗೆದುಕೊಳ್ಳುವ ಮೇಜು. ಹೋಟೆಲಿನವನಿಗೆ ಅದು ಸಿಂಹಾಸನ. ಅಲ್ಲಿ ಕೂತವನು ಹಣ ತೆಗೆದುಕೊಳ್ಳುವುದಷ್ಟೇ ಅಲ್ಲ, ಯಾವ ಮೇಜು ಒರೆಸಿಲ್ಲ, ಯಾರಿಗೆ ಚಟ್ನಿ ಸಾಲಲಿಲ್ಲ, ಯಾವ ಗಿರಾಕಿಯ ಮುಖ ಗಂಟಿಕ್ಕಿದೆ, ಎಲ್ಲವನ್ನೂ ಕೂತಲ್ಲಿಂದಲೇ ನೋಡಬೇಕು.

ನಮ್ಮವರಿಗೆ ಕಾಣುವುದು ನಿಂತುಹೋಗುತ್ತಿತ್ತು. ಮೊದಲು ಸ್ಟೇಷನ್ನಿನ ಇಂಡಿಕೇಟರು ಹೋಯಿತು. ಬರುವುದು ಯಾವ ಗಾಡಿ ಎಂದು ಕಾಣದೆ, ಕತ್ತೆತ್ತಿ ನಿಂತು ಪಕ್ಕದವರನ್ನು "ಯೇ ಕೌನ್ಸಾ ಹೈ ಭಾಯ್" ಎಂದು ಕೇಳುತ್ತಿದ್ದರು. ಆಮೇಲೆ ಮುಖಗಳು ಹೋದವು. ಮುನ್ಸಿಪಾಲ್ಟಿಯ ಇನ್ಸ್‌ಪೆಕ್ಟರ್ ಬಂದಾಗ ಗಿರಾಕಿ ಎಂದುಕೊಂಡು ಸುಮ್ಮನೆ ಕೂತರು, ಯಾವನೋ ಬಡಪಾಯಿ ಗಿರಾಕಿ ಬಂದಾಗ ಇನ್ಸ್‌ಪೆಕ್ಟರ್ ಎಂದುಕೊಂಡು ಎದ್ದು ನಿಂತು ನಮಸ್ಕಾರ ಹಾಕಿದರು. ಪಾಲುದಾರ ಇದನ್ನೆಲ್ಲ ನೋಡುತ್ತಿದ್ದ.

"ಅಣ್ಣಾ, ನೀವು ಸ್ವಲ್ಪ ದಿನ ಮನೆಯಲ್ಲಿ ರೆಸ್ಟ್ ತಗೊಳ್ಳಿ. ಇಲ್ಲಿ ನನ್ನ ಭಾವ ಇದ್ದಾನೆ, ನೋಡ್ಕೊಳ್ತಾನೆ" ಎಂದ.

ಹೋಟೆಲಿನವರ ಭಾಷೆಯಲ್ಲಿ ಇದರ ಅರ್ಥ ಏನೆಂದು ಹೋಟೆಲಿನವರಿಗೆ ಗೊತ್ತು. ಗಲ್ಲಾದಿಂದ ಒಮ್ಮೆ ಎದ್ದವನಿಗೆ ತಿರುಗಿ ಕೂರಲು ಜಾಗ ಸಿಗುವುದಿಲ್ಲ. ಹೆಸರಿಗೆ ಪಾಲುದಾರ, ಹಬ್ಬಕ್ಕೆ ಒಂದು ಡಬ್ಬ ಸ್ವೀಟು. ನಮ್ಮವರು ಆ ದಿನ ಮನೆಗೆ ಬಂದು ಊಟ ಮಾಡದೆ ಕೂತರು.

ಕಣ್ಣಿನ ಡಾಕ್ಟರಮ್ಮ ಮರಾಠಿಯವರು, ಚುರುಕು. ಟಾರ್ಚು ಹಾಕಿ ನೋಡಿ, "ಕಾಕಾ, ಮೋತಿಬಿಂದು ಪಕ್ ಗಯಾ ಹೈ" ಎಂದರು. ಎರಡೂ ಕಣ್ಣಿನ ಪೊರೆ ಬಲಿತಿದೆ, ಆಪರೇಶನ್ ಚಿಕ್ಕದು, ಮಾಡಿದರೆ ಕಾಣುತ್ತದೆ. ಆದರೆ ಸಕ್ಕರೆ ಕಾಯಿಲೆ ಈ ಮಟ್ಟದಲ್ಲಿದ್ದರೆ ನಾನು ಕೈ ಹಾಕುವುದಿಲ್ಲ, ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಎಂದು ಸ್ಪಷ್ಟವಾಗಿ ಹೇಳಿದರು. ಸಕ್ಕರೆ ಕಾಯಿಲೆ ಹೋಟೆಲಿನವರಿಗೆ ಪೆನ್ಶನ್ ಇದ್ದ ಹಾಗೆ, ಸರ್ವಿಸ್ ಮಾಡಿದವರಿಗೆಲ್ಲ ಸಿಗುತ್ತದೆ. ನಮ್ಮವರಿಗೂ ಸಿಕ್ಕಿ ವರ್ಷಗಳಾಗಿದ್ದವು. ಅದರ ಡಾಕ್ಟರು, ಮಾತ್ರೆ ಸಾಲದು, ಇನ್ಸುಲಿನ್ ಶುರು ಮಾಡೋಣ ಎಂದರು.

ಇನ್ಸುಲಿನ್ ಎಂಬ ಶಬ್ದ ಕೇಳಿದ್ದೇ ನಮ್ಮವರು ಓಡಿದರು. ಕುದಿಯುವ ಎಣ್ಣೆಗೆ ಬೆರಳು ತಾಗಿದರೂ ಮುಖ ಸೊಟ್ಟ ಮಾಡದ ಮನುಷ್ಯ ಕೂದಲಿನಷ್ಟು ಸಣ್ಣ ಸೂಜಿಗೆ ಹೆದರಿ ಓಡಿದರು. ಓಡಿದವರು ಹೋಗಿ ಬಿದ್ದದ್ದು ವಾಶಿಯ ಹಸಿ ಆಹಾರ ಶಿಬಿರದಲ್ಲಿ.

ದಾರಿ ತೋರಿಸಿದವನು ಒಬ್ಬ ಗಿರಾಕಿ. ಮಸಾಲೆ ದೋಸೆ ತಿಂದು, ಬಾಯಿ ಒರೆಸಿಕೊಂಡು, ಗಲ್ಲಾಕ್ಕೆ ಬಂದು, ಬೇಯಿಸಿದ್ದು ತಿನ್ನಬಾರದು ಎಂದು ಹೇಳಿ ಹೋದನಂತೆ. ಇಂಥ ಉಪದೇಶವನ್ನು ನಂಬಬೇಕಾದರೆ ಕಣ್ಣಷ್ಟೇ ಅಲ್ಲ, ಇನ್ನೂ ಏನೇನೋ ಮಂಜಾಗಿರಬೇಕು.

ಭಾನುವಾರ ನಾನೂ ಜೊತೆಗೆ ಹೋದೆ. ಅವರೊಬ್ಬರಿಗೇ ಥಾಣೆಯಲ್ಲಿ ಗಾಡಿ ಬದಲಿಸಲು ಆಗುತ್ತಿರಲಿಲ್ಲ. ವಾಶಿಯ ಒಂದು ಸೊಸೈಟಿಯ ಸಭಾಂಗಣ. ಪ್ಲಾಸ್ಟಿಕ್ ಕುರ್ಚಿಗಳ ತುಂಬ ನಮ್ಮವರ ಹಾಗೆಯೇ ಡಾಕ್ಟರಿಂದ ತಪ್ಪಿಸಿಕೊಂಡು ಬಂದವರು. ಶಿಬಿರ ನಡೆಸುತ್ತಿದ್ದವರು ಧಾರವಾಡದ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಮನೆ ಕೋಪರಖೈರಣೆಯಲ್ಲಿ. ತೆಳ್ಳಗೆ, ಬೆಳ್ಳಗೆ, ಮುಖದಲ್ಲಿ ನೆನೆಸಿಟ್ಟ ಹೆಸರುಕಾಳಿನ ಹಾಗೆ ಯಾವಾಗಲೂ ಒಂದು ಮೊಳಕೆ ನಗು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಅವರು ಕದ್ದು ವಡಾಪಾವ್ ತಿನ್ನುತ್ತಿದ್ದರು ಎಂಬ ಕತೆ ಬರುತ್ತದೆ ಎಂದು ನೀವು ಕಾಯುತ್ತಿದ್ದರೆ, ಬರುವುದಿಲ್ಲ. ಅವರು ಹೇಳಿದ್ದನ್ನೇ ತಿನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ಬೇರೆ ಕಾಯಿಲೆಯೂ ಇರಲಿಲ್ಲ. ತನಗೆ ಇಲ್ಲದ ಕಾಯಿಲೆಯನ್ನು ಗುಣಪಡಿಸುವಷ್ಟು ಸುಲಭದ ಕೆಲಸ ಜಗತ್ತಿನಲ್ಲಿ ಇನ್ನೊಂದಿಲ್ಲ.

"ಬೆಂಕಿ ಮುಟ್ಟಿದ ಊಟ ಅಂದ್ರ ಹೆಣದ ಊಟ ನೋಡ್ರಿ" ಎಂದು ಸರ್ ಶುರು ಮಾಡಿದರು. "ದಿನಾ ಮೂರು ಹೊತ್ತು ನಾವು ಮನ್ಯಾಗ ಚಿತಾ ಹಚ್ಚಾಕತ್ತೀವಿ. ಮತ್ತ ರೋಗ ಬಂತು, ರೋಗ ಬಂತು ಅಂತ ಅಳತೀವಿ."

ನಮ್ಮವರು ತಲೆ ತಗ್ಗಿಸಿದರು. ಇಷ್ಟು ವರ್ಷ ಹೋಟೆಲ್ ನಡೆಸಿದ್ದೇನೆ ಎಂದುಕೊಂಡಿದ್ದವರಿಗೆ ಸ್ಮಶಾನ ನಡೆಸಿದ್ದೇನೆ ಎಂದು ಗೊತ್ತಾದರೆ ಮತ್ತೇನು ಮಾಡಿಯಾರು.

ಆಮೇಲೆ ಸರ್ ಎರಡೂ ಅಂಗೈಗಳನ್ನು ತಕ್ಕಡಿಯಂತೆ ಹಿಡಿದರು. "ಹಣ್ಣು ಅಂದ್ರ ಗಂಡಸು. ಕಾಯಿಪಲ್ಲೆ ಅಂದ್ರ ಹೆಣ್ಣಮಗಳು. ಇಬ್ಬರೂ ಸಮಾ ಇದ್ರನ ಸಂಸಾರ ನಡೀತದ. ಅರ್ಧಾ ತಾಟು ಹಣ್ಣು, ಅರ್ಧಾ ತಾಟು ಕಾಯಿಪಲ್ಲೆ. ಮುಂಜಾನಿ ಹಣ್ಣು, ಮಧ್ಯಾಹ್ನದ ಮ್ಯಾಲೆ ಪಲ್ಲೆ. ಇಷ್ಟ ರೀ. ಬ್ಯಾರೆ ಏನೂ ಇಲ್ಲ."

ಸಭೆಯಲ್ಲಿದ್ದ ಹೆಂಗಸರೆಲ್ಲ ತಲೆ ಆಡಿಸಿದರು. ಗಂಡಸು ಹೆಂಗಸು ಸಮ ಇರುವ ಸಂಸಾರವನ್ನು ಇವರು ಎಲ್ಲಿ ನೋಡಿದ್ದರೋ. ನಾನು ಕೈ ಎತ್ತಿದೆ.

"ಸರ್, ಶುಗರ್ ಇದ್ದವರಿಗೂ ಅರ್ಧರ್ಧವೇ?"

"ಅಕ್ಕಾರ, ಹಣ್ಣಿನ ಸಕ್ಕರಿ ಸಕ್ಕರಿ ಅಲ್ರಿ. ಅದು ಜೀವಂತ ಐತಿ. ದೇಹಕ್ಕ ಅದು ತಿಳೀತದ."

"ಶುಗರ್ ಮೀಟರಿಗೆ ತಿಳೀತದಾ ಸರ್?"

ಸಭೆ ನಕ್ಕಿತು. ಸರ್ ಕೂಡ ನಕ್ಕರು. "ಅಕ್ಕಾರಿಗೆ ಅಂಜಿಕಿ ಭಾಳ ಐತಿ. ಅಂಜಿಕೀನ ಅರ್ಧಾ ರೋಗ ನೋಡ್ರಿ."

"ಮಾತ್ರೆ ಎಂತ ಮಾಡೂದು ಸರ್, ಬಿಡೂದಾ?" ಎಂದು ಈಗ ನಮ್ಮವರೇ ಕೇಳಿದರು.

ಇಲ್ಲಿ ಸರ್ ಜಾಣರು. ಬ್ಯಾಂಕಿನಲ್ಲಿ ಸುಮ್ಮನೆ ಅಧಿಕಾರಿ ಆಗಿರಲಿಲ್ಲ. "ಗುಳಿಗಿ ಬಿಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ನಿಮ್ಮ ದೇಹಾನ ನಿಮಗ ಹೇಳತದ" ಎಂದರು.

ನಮ್ಮವರ ದೇಹ ಮರುದಿನ ಬೆಳಿಗ್ಗೆಯೇ ಹೇಳಿತು. ಮಾತ್ರೆಯ ಡಬ್ಬಿ ದೇವರ ಗೂಡಿನ ಹಿಂದೆ ಹೋಯಿತು.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಒಲೆ ಹಚ್ಚದ ಅಡುಗೆ ಎಂದರೆ ಹೆಂಗಸರಿಗೆ ಅಡುಗೆಮನೆಯಿಂದ ಬಿಡುಗಡೆ ಎಂದು ಶಿಬಿರದಲ್ಲಿ ಹೇಳುತ್ತಿದ್ದರು. ಬಿಡುಗಡೆ ಆದದ್ದು ಗ್ಯಾಸ್ ಸಿಲಿಂಡರಿಗೆ. ಅನ್ನ ಸಾರು ಮಾಡುವಾಗ ಕುಕ್ಕರ್ ಇಟ್ಟು ಬೇರೆ ಕೆಲಸ ಮಾಡಬಹುದು, ಕುಕ್ಕರ್ ಕೂಗಿ ಕರೆಯುತ್ತದೆ. ಹಸಿ ಊಟ ಕೂಗುವುದಿಲ್ಲ. ತೊಳೆ, ಸಿಪ್ಪೆ ತೆಗೆ, ಬೀಜ ತೆಗೆ, ತುರಿ, ಕೊಚ್ಚು, ನೆನೆಸು, ಬಟ್ಟೆ ಕಟ್ಟಿ ಮೊಳಕೆ ಬರಿಸು. ನಮ್ಮ ಈಳಿಗೆ ಮಣೆ ಮದುವೆಯಲ್ಲೂ ಅಷ್ಟು ದುಡಿದಿರಲಿಲ್ಲ. ಸೌತೆಕಾಯಿ ಕೊಚ್ಚಿ, ನೆನೆಸಿದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಹಾಕಿದ ಒಂದು ಪದಾರ್ಥವನ್ನು ಸರ್ ಶಿಬಿರದಲ್ಲಿ ಹೊಸ ಸಂಶೋಧನೆಯಂತೆ ತೋರಿಸಿದರು. ಅದು ಕೋಸಂಬರಿ. ನಮ್ಮಮ್ಮ ಅದನ್ನು ಎಲೆಯ ತುದಿಗೆ ಒಂದು ಚಮಚ ಬಡಿಸಿ ಮುಂದೆ ಹೋಗುತ್ತಿದ್ದಳು, ಭಾಷಣ ಮಾಡುತ್ತಿರಲಿಲ್ಲ.

ನಮ್ಮ ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಒಂದು ದಿನ ಬಾಗಿಲು ತೆಗೆದು ಒಳಗೆ ಕಾಲಿಡಲು ಜಾಗ ಹುಡುಕುತ್ತ, "ಮಮ್ಮಾ, ಯೇ ಘರ್ ಹೈ ಯಾ ಸಬ್ಜಿ ಮಂಡಿ?" ಎಂದಳು.

"ನಿನ್ನ ಅಪ್ಪನನ್ನು ಕೇಳು."

"ಪಪ್ಪಾ ಕೋ ಕ್ಯಾ ಪೂಛೂಂ, ಪಪ್ಪಾ ತೋ ಸೂಂಘ್ ರಹೇ ಹೈಂ."

ಹೌದು, ಅವರು ಮೂಸುತ್ತಿದ್ದರು. ಫ್ರಿಜ್ಜಿನ ಮುಂದೆ, ಬುಟ್ಟಿಗಳ ಮುಂದೆ, ಬೆಳಿಗ್ಗೆ ಎದ್ದ ಕೂಡಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಶಿಬಿರದ ಗುಂಪಿನಲ್ಲಿ ಒಬ್ಬರಿಗೆ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಪರಿಚಯವಿತ್ತು. ಅವರು ಶನಿವಾರವೇ ಪೆಟ್ಟಿಗಟ್ಟಲೆ ಹಣ್ಣು, ಗೋಣಿಗಟ್ಟಲೆ ತರಕಾರಿ ತರಿಸಿ ಇಡುತ್ತಿದ್ದರು, ಭಾನುವಾರ ಶಿಬಿರ ಮುಗಿದ ಮೇಲೆ ಎಲ್ಲರೂ ಹಂಚಿಕೊಳ್ಳುವುದು. ಸಗಟು ಎಂದ ಕೂಡಲೇ ನಮ್ಮವರ ಹೋಟೆಲ್ ರಕ್ತ ಕುದಿಯಿತು. ನಾಲ್ವರಿಗೆ ಹಂಚಬೇಕಾದ ಚಿಕ್ಕು ಪೆಟ್ಟಿಯನ್ನು ಇವರೊಬ್ಬರೇ ಎತ್ತಿಕೊಳ್ಳುತ್ತಿದ್ದರು. ಕಣ್ಣು ಕಾಣದಿದ್ದರೂ ಕಲ್ಲಂಗಡಿಯನ್ನು ತಟ್ಟಿ ಕಿವಿಯಿಂದ ಆರಿಸುವಾಗ ಅವರ ಮುಖ ನೋಡಬೇಕಿತ್ತು. ಮನೆಯಲ್ಲಿ ರೆಸ್ಟ್ ತಗೊಳ್ಳಿ ಎಂದವನಿಗೆ ಅಲ್ಲಿಂದಲೇ ಉತ್ತರ ಕೊಡುವವರ ಹಾಗೆ. ಆ ಚೀಲಗಳನ್ನು ಹೊತ್ತು ಥಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಕಲ್ಯಾಣದ ಸ್ಲೋ ಲೋಕಲ್ ಹಿಡಿಯುವುದು. ಮುಂಬ್ರಾ ದಾಟಿ ದಿವಾ ಬರುವ ಹೊತ್ತಿಗೆ ಇಳಿಯುವವರು ಹತ್ತುವವರು ಸೇರಿ ಅರ್ಧ ಚಿಕ್ಕುವನ್ನು ಅಲ್ಲೇ ಜ್ಯೂಸ್ ಮಾಡಿರುತ್ತಿದ್ದರು.

ಇನ್ನು ಹೋಟೆಲಿನ ಶಾಸ್ತ್ರ. ಹೋಟೆಲಿನವನಿಗೆ ಎಲ್ಲಕ್ಕಿಂತ ದೊಡ್ಡ ಪಾಪ ಎಂದರೆ ಸಾಮಾನು ಹಾಳಾಗುವುದು. ಇವತ್ತು ಯಾವುದು ಹೋಗದಿದ್ದರೆ ನಾಳೆ ಹಾಳಾಗುತ್ತದೋ ಅದನ್ನು ಮೊದಲು ಎತ್ತಬೇಕು. ಉಳಿದ ಇಡ್ಲಿ ಉಪ್ಪಿಟ್ಟಾಗುತ್ತದೆ. ಬಾಳೆಹಣ್ಣು ಕಪ್ಪಾದರೆ ಹಿಟ್ಟಿಗೆ ಕಲಸಿ ಬನ್ಸ್ ಕರಿಯುತ್ತಾರೆ, ಇನ್ನೂ ಕಳಿತರೆ ಹಲ್ವಾ. ಉಡುಪಿ ಹೋಟೆಲಿನಲ್ಲಿ ಕಳಿತ ಹಣ್ಣಿಗೆ ಯಾವಾಗಲೂ ಒಂದು ಬಾಣಲೆ ಕಾದಿರುತ್ತದೆ. ಹಸಿ ಆಹಾರದಲ್ಲಿ ಬಾಣಲೆ ಇಲ್ಲ. ಕಳಿತ ಹಣ್ಣಿಗೆ ಒಂದೇ ದಾರಿ, ನಮ್ಮವರ ಬಾಯಿ.

ಬೆಳಿಗ್ಗೆ ಮೂಸಿ ನೋಡಿ, "ಚಿಕ್ಕು ಇವತ್ತೇ ಮುಗಿಸ್ಬೇಕು" ಎನ್ನುವರು. ಮಧ್ಯಾಹ್ನ ಮೂಸಿ, "ಪಪ್ಪಾಯಿ ಕೂಗ್ತಾ ಉಂಟು" ಎನ್ನುವರು. ಸಂಜೆಗೆ ಬಾಳೆಹಣ್ಣು.

"ಮಾರಾಯ್ರೇ, ಮಧ್ಯಾಹ್ನದ ಮೇಲೆ ತರಕಾರಿ ಅಂತ ಹೇಳಿದ್ದಲ್ವಾ ನಿಮ್ಮ ಸರ್?" ಎಂದು ಕೇಳಿದರೆ,

"ಕ್ಯಾರೆಟ್ ಎಲ್ಲಿಗೆ ಹೋಗ್ತದೆ ಮಾರಾಯ್ತಿ, ಇರ್ತದೆ ಅದು. ನಾಳೆ ನೋಡುವ."

"ಅರ್ಧರ್ಧ ಆಯ್ತಾ ಹಾಗಾದ್ರೆ?"

"ವಾರಕ್ಕೆ ಒಟ್ಟು ಲೆಕ್ಕ ಹಾಕಿದ್ರೆ ಸಮ ಆಗ್ತದೆ."

ಯಾವ ವಾರವೂ ಸಮ ಆಗಲಿಲ್ಲ. ಭಾನುವಾರ ಬಂದರೆ ಮತ್ತೆ ಹೊಸ ಪೆಟ್ಟಿ. ಬಾಡಿದ ಬೀನ್ಸು, ಸುಕ್ಕಾದ ಕ್ಯಾರೆಟ್ಟು, ಸೋರೆಕಾಯಿ ಎಲ್ಲವನ್ನೂ ನಾನು ಒಗ್ಗರಣೆ ಹಾಕಿ ಪಲ್ಯ, ಹುಳಿ ಮಾಡಿ ನಾನೂ ಮಗಳೂ ತಿಂದೆವು. ಒಗ್ಗರಣೆಯ ವಾಸನೆ ಬಂದಾಗ ಅವರು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು. ಇಂಗು ಸಾಸಿವೆಯ ಎದುರು ಯಾವ ಸಿದ್ಧಾಂತ ನಿಂತೀತು, ಅದಕ್ಕೆ ಓಡಿಹೋಗುವುದೇ ವಾಸಿ.

ಅವರು ಇಳಿಯತೊಡಗಿದರು. ಹೊಟ್ಟೆ ಹೋಯಿತು, ಕೆನ್ನೆ ಹೋಯಿತು, ಪ್ಯಾಂಟಿಗೆ ಬೆಲ್ಟಿನ ಹೊಸ ತೂತು ಬೇಕಾಯಿತು. ಕಟ್ಟಡದವರೆಲ್ಲ "ಕಾಕಾ ಏಕ್ದಮ್ ಯಂಗ್" ಎಂದರು. ಸಕ್ಕರೆ ಏರಿದವರು ಇಳಿದುಹೋಗುತ್ತಾರೆ ಎಂದು ಗೊತ್ತಿಲ್ಲದ ಜನ ಹೊಗಳುವುದಕ್ಕೆ ಮಾತ್ರ ಯಾವಾಗಲೂ ತಯಾರು. ಬಾಯಾರಿಕೆ ಎಷ್ಟೆಂದರೆ ಹೋದಲ್ಲೆಲ್ಲ ದೊಡ್ಡ ಬಾಟಲಿ. ಲೋಕಲ್ ಗಾಡಿಯಲ್ಲಿ ಶೌಚಾಲಯ ಇಲ್ಲ ಎಂಬುದು ನಿಮಗೆ ಗೊತ್ತು. ವಾಶಿಯಿಂದ ಡೊಂಬಿವಲಿಗೆ ಬರುವ ದಾರಿಯಲ್ಲಿ ನಾವು ಚಿಕ್ಕು ಪೆಟ್ಟಿ ಸಮೇತ ನಡುವೆ ಇಳಿದು, ಅವರು ಹೋಗಿ ಬರುವವರೆಗೆ ನಾನು ಪ್ಲಾಟ್‌ಫಾರ್ಮಿನಲ್ಲಿ ಕಾವಲು ನಿಂತು, ಮತ್ತೆ ಮುಂದಿನ ಗಾಡಿ ಹತ್ತುವುದು ರೂಢಿಯಾಯಿತು. ಇದನ್ನು ಸರ್‌ಗೆ ಹೇಳಿದೆ.

"ವಿಷಾ ಹೊರಗ ಹೊಂಟದ ಅಕ್ಕಾರ. ಹೋಗ್ಲಿ ಬಿಡ್ರಿ" ಎಂದರು.

ಇದಾದ ಕೆಲವು ವಾರಕ್ಕೆ ಸರ್ ನಮ್ಮವರನ್ನೇ ವೇದಿಕೆಗೆ ಕರೆದರು. ಗುಂಪಿನಲ್ಲಿ ಇವರಷ್ಟು ಇಳಿದವರು ಬೇರೆ ಯಾರೂ ಇರಲಿಲ್ಲವಲ್ಲ. ಮೈಕು ಕೈಗೆ ಕೊಟ್ಟರು. ನಮ್ಮವರು ಗಂಟಲು ಸರಿಮಾಡಿಕೊಂಡು, "ನಾನು ಬೆಂಕಿ ಎದುರೇ ಬೆಳೆದವ. ಈಗ ಬೆಂಕಿ ಬಿಟ್ಟಿದ್ದೇನೆ. ದೇಹ ಹಗುರ ಉಂಟು. ಇನ್ನು ಕಣ್ಣೊಂದು ಸರಿಯಾದ್ರೆ ಮತ್ತೆ ಗಲ್ಲಾದಲ್ಲಿ ಕೂತ್ಕೊಳ್ತೇನೆ" ಎಂದರು. ಚೆನ್ನಾಗಿಯೇ ಹೇಳಿದರು. ಆದರೆ ಸಭೆ ಇದ್ದದ್ದು ಅವರ ಎಡಕ್ಕೆ. ಅವರು ಅಷ್ಟನ್ನೂ ಬಲಗಡೆಯ ಮೂಲೆಯಲ್ಲಿ ನಿಂತಿದ್ದ ಎತ್ತರದ ಫ್ಯಾನಿಗೆ ಹೇಳಿದರು. ನಡುನಡುವೆ ಫ್ಯಾನಿನ ಕಡೆ ನೋಡಿ ನಕ್ಕರು ಕೂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಅವರ ಪಕ್ಕದಲ್ಲೇ ನಿಂತಿದ್ದರು, ಎರಡೂ ಕಣ್ಣು ಚೆನ್ನಾಗಿ ಕಾಣುವ ಸರ್. ಅವರು ಚಪ್ಪಾಳೆ ತಟ್ಟಿದರು.

ನಾನು ಆ ದಿನ ಮನೆಗೆ ಬಂದು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿದೆ. ನಮ್ಮವರು ಬೇಡ ಎನ್ನಲಿಲ್ಲ. ಅವರಿಗೆ ಪೂರ್ತಿ ನಂಬಿಕೆ ಇತ್ತಲ್ಲ, ಸಕ್ಕರೆ ಇಳಿದಿದೆ ಎಂದು.

ಅಲ್ಲಿ ನರ್ಸು ಬೆರಳು ಚುಚ್ಚಿ ಮೀಟರ್ ನೋಡಿದಳು. ತಿರುಗಿ ಚುಚ್ಚಿದಳು. ಆಮೇಲೆ ಮೀಟರನ್ನೇ ಎತ್ತಿಕೊಂಡು ಒಳಗೆ ಹೋದಳು. ಡಾಕ್ಟರಮ್ಮ ಹೊರಗೆ ಬಂದರು.

"ಕಾಕಾ, ಆಪ್ ಖಾತೇ ಕ್ಯಾ ಹೋ?"

"ಸಿರ್ಫ್ ಕಚ್ಚಾ, ಮ್ಯಾಡಂ" ಎಂದರು ನಮ್ಮವರು, ಬೆನ್ನು ನೆಟ್ಟಗೆ ಮಾಡಿಕೊಂಡು. "ಹಾಫ್ ಫ್ರೂಟ್, ಹಾಫ್ ಸಬ್ಜಿ. ಬ್ಯಾಲೆನ್ಸ್."

"ಅಚ್ಛಾ. ಕಲ್ ಕ್ಯಾ ಕ್ಯಾ ಖಾಯಾ?"

ನಮ್ಮವರು ನೆನಪು ಮಾಡಿಕೊಂಡು ಒಂದೊಂದೇ ಹೇಳಿದರು. ಚಿಕ್ಕು. ಪಪ್ಪಾಯಿ. ಬಾಳೆಹಣ್ಣು. ಮಧ್ಯಾಹ್ನ ಮತ್ತೆ ಚಿಕ್ಕು, ಸ್ವಲ್ಪ ಜಾಸ್ತಿಯೇ ಕಳಿತಿತ್ತು. ಸೀತಾಫಲ. ಕೊನೆಗೆ, "ಔರ್ ಏಕ್ ಕಕ್ಡಿ" ಎಂದರು.

ಒಂದು ಸೌತೆಕಾಯಿ.

ಡಾಕ್ಟರಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಮಾತ್ರೆ ನಿಲ್ಲಿಸಿದ್ದೀರಾ ಎಂದು ಕೇಳಿದರು. ಹೌದು ಎಂದರು. ಈ ಸ್ಥಿತಿಯಲ್ಲಿ ಆಪರೇಶನ್ ಇಲ್ಲ, ಹೀಗೇ ಬಿಟ್ಟರೆ ಪೊರೆಯ ಹಿಂದಿನ ನರಪರದೆ ಹಾಳಾದೀತು, ಅದು ಹೋದರೆ ಯಾವ ಆಪರೇಶನ್ನಿಗೂ ವಾಪಸ್ ಬರುವುದಿಲ್ಲ, ಇವತ್ತೇ ಶುಗರ್ ಡಾಕ್ಟರ ಹತ್ತಿರ ಹೋಗಿ ಎಂದರು. ಎಲ್ಲವನ್ನೂ ಇವರಿಗೆ ಹೇಳಿ, ತಿರುಗಿ ಅದನ್ನೇ ನನಗೆ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತೆವು. ನನಗೆ ಬೈಯಲು ಎಷ್ಟೋ ಮಾತುಗಳು ಬಾಯಿಯಲ್ಲಿ ತಯಾರಿದ್ದವು. ಅಷ್ಟರಲ್ಲಿ ಅವರೇ ಶುರು ಮಾಡಿದರು.

"ಹಾಳಾಗ್ತದಲ್ಲ ಅಂತ ತಿಂದದ್ದು ಮಾರಾಯ್ತಿ."

"ಕ್ಯಾರೆಟ್ ಹಾಳಾಗೂದಿಲ್ವಾ? ಬೀನ್ಸ್ ಹಾಳಾಗೂದಿಲ್ವಾ? ವಾರ ವಾರ ನಾನು ಬೇಯಿಸಿ ಹಾಕಿದ್ದೆಂತ ಹಾಗಾದ್ರೆ?"

"ಅದಕ್ಕೆ ವಾಸನೆ ಬರೂದಿಲ್ಲ."

ನನಗೆ ತಿಳಿಯಲಿಲ್ಲ. ಅವರೇ ಮುಂದುವರಿಸಿದರು.

"ಹಣ್ಣಾದ್ರೆ ಮೂಗಿಗೆ ಗೊತ್ತಾಗ್ತದೆ. ತರಕಾರಿ ಬಾಡಿದ್ದು ಕಣ್ಣಿಗೆ ಗೊತ್ತಾಗ್ಬೇಕಷ್ಟೆ. ನಂಗೆ ಕಾಣೂದಿಲ್ಲ. ಫ್ರೆಶ್ ಉಂಟು ಅಂತಲೇ ಗ್ರಹಿಸಿದ್ದು."

ಅರ್ಧರ್ಧ ಅಂತೆ, ತಕ್ಕಡಿ ಅಂತೆ, ಗಂಡಸು ಹೆಂಗಸು ಅಂತೆ. ಕಣ್ಣಿಗಾಗಿ ಶುರು ಮಾಡಿದ ಪಥ್ಯವನ್ನು ಈ ಮನುಷ್ಯ ಇಷ್ಟು ದಿನ ಮೂಗಿನಿಂದ ನಡೆಸಿದ್ದರು. ಪರಿಮಳ ಬಂದದ್ದು ಹೊಟ್ಟೆಗೆ, ಬಾರದ್ದು ನಾಳೆಗೆ. ಇವರ ಎದುರು ಆ ಸಭಾಂಗಣದಲ್ಲಿ ಪ್ರತಿ ಭಾನುವಾರ ಎರಡು ಕೈ ಎತ್ತಿ ತೂಕ ತೋರಿಸುತ್ತಿದ್ದವರು ಒಮ್ಮೆಯಾದರೂ "ನೀವು ಮನೆಯಲ್ಲಿ ಏನು ತಿಂತೀರಿ" ಎಂದು ಕೇಳಲಿಲ್ಲ. ಡಾಕ್ಟರಮ್ಮ ಬಂದ ಕೂಡಲೇ ಕೇಳಿದರು. ಕೇಳಿದ್ದು ಅಷ್ಟೇ, ಸತ್ಯ ಚಿಕ್ಕು, ಪಪ್ಪಾಯಿ ಎಂದು ತಾನಾಗಿ ಹೊರಗೆ ಬಿತ್ತು.

ನಾನು ಬೈಯಲಿಲ್ಲ. ಆಟೋ ಮಾಡಿ ಅಲ್ಲಿಂದಲೇ ಶುಗರ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಇನ್ಸುಲಿನ್ ಶುರುವಾಯಿತು. ಚುಚ್ಚುವವಳು ಮಗಳು. ಅವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ದೇವರ ಹೆಸರು ಹೇಳುತ್ತಿದ್ದಾಗ, "ಪಪ್ಪಾ, ನಾಟಕ್ ಮತ್ ಕರೋ, ಹೋ ಗಯಾ" ಎಂದು ಸೂಜಿ ಎಸೆದು ಕಾಲೇಜಿಗೆ ಹೊರಡುತ್ತಿದ್ದಳು. ಇಷ್ಟೇನಾ ಎಂದು ಅವರು ಹೊಟ್ಟೆ ಮುಟ್ಟಿ ನೋಡಿಕೊಂಡರು. ಇಷ್ಟೇ. ಇದಕ್ಕೆ ಹೆದರಿ ವಾಶಿಯವರೆಗೆ ಓಡಿದ್ದರು.

ಪೆಟ್ಟಿ ವ್ಯಾಪಾರವನ್ನು ನಾನು ನಿಲ್ಲಿಸಿದೆ. ಹೋಟೆಲಿನವನಿಗೆ ಹಾಳಾಗುವ ಸಾಮಾನು ತೋರಿಸಿ, ತಿನ್ನಬೇಡ ಎಂದರೆ ಆಗುವ ಕೆಲಸವಲ್ಲ, ಅದು ಅವರ ಕೈ ಮೀರಿದ್ದು. ಮನೆಯಲ್ಲಿ ಹಾಳಾಗುವಂಥದ್ದು ಇರಲೇಬಾರದು. ಸ್ಟೇಷನ್ನಿನ ಹೊರಗೆ ತರಕಾರಿ ಮಾರಲು ಕೂರುವ ಭಾಜಿವಾಲಿಯ ಹತ್ತಿರ ಆಯಾ ದಿನದ್ದು ಆಯಾ ದಿನ ತಂದೆ. ಒಂದು ಪೇರಳೆ ಹಣ್ಣು ತಂದರೆ ಮೂವರಿಗೂ ಹೋಳು. ತಟ್ಟೆಯಲ್ಲಿ ಸೌತೆಕಾಯಿ, ಮೂಲಂಗಿ, ಸೊಪ್ಪು, ಪಕ್ಕದಲ್ಲಿ ಬಿಸಿ ಚಪಾತಿ, ಪಲ್ಯ, ಡಾಕ್ಟರು ಹೇಳಿದಷ್ಟು. ಅವರು ಒಗ್ಗರಣೆಗೆ ಬಾಲ್ಕನಿಯಿಂದ ಒಳಗೆ ಬಂದರು.

ಸಕ್ಕರೆ ನಿಧಾನವಾಗಿ ಇಳಿಯಿತು. ಅಷ್ಟರಲ್ಲಿ ಕಲ್ಯಾಣದಲ್ಲಿ ಪಾಲುದಾರನ ಭಾವ ಗಲ್ಲಾದಲ್ಲಿ ಮೈ ಚಾಚಿ ಕೂತುಬಿಟ್ಟಿದ್ದ. ಒಂದು ಕಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ಇವರು ಮೊದಲು ನೋಡಿದ್ದು ಗೋಡೆಯ ಮೂಲೆಯನ್ನು. "ಇಲ್ಲಿ ಜೇಡನ ಬಲೆ ಎಷ್ಟು ಸಮಯದಿಂದ ಉಂಟು?" ಎಂದು ನನ್ನನ್ನೇ ಕೇಳಿದರು. ಕಣ್ಣು ಬಂದದ್ದಕ್ಕೆ ನನಗೆ ಸಿಕ್ಕಿದ ಬಹುಮಾನ ಅದು. ಮುಂದಿನ ವಾರ ಹೋಟೆಲಿಗೆ ಹೋಗಿ ನಿಂತರು. ಜಗಳ ಆಗಲಿಲ್ಲ; ಬೆಳಿಗ್ಗೆ ಇವರು, ಸಂಜೆ ಆ ಭಾವ ಎಂದಾಯಿತು. ಇನ್ನೊಂದು ಕಣ್ಣೂ ಆದ ಮೇಲೆ ಪೂರ್ತಿ ದಿನದ ಮಾತು ಎಂದ ಪಾಲುದಾರ. ಅಲ್ಲಿಯವರೆಗೆ ಸಕ್ಕರೆ ಹಿಡಿತದಲ್ಲಿ ಇರಬೇಕು.

ಆಗ ಸರ್ ಅವರ ಫೋನ್ ಬಂತು. ಇಷ್ಟು ತಿಂಗಳು ನೆನಪಾಗದವರಿಗೆ ಯಾರೋ ಹೇಳಿರಬೇಕು, ಇವರಿಗೆ ಕಣ್ಣು ಬಂತಂತೆ ಎಂದು. ನಮ್ಮವರು ಸ್ಪೀಕರ್ ಹಾಕಿದರು. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ.

"ನಮಸ್ಕಾರ್ರೀ. ಕಣ್ಣು ಚಲೋ ಆತಂತ ಕೇಳಿದ್ನಿ. ನಾ ಹೇಳಿರಲಿಲ್ಲೇನ್ರಿ? ಬೆಂಕಿ ಬಿಟ್ಟಿದ್ದರ ಫಲ ಅದು, ದೇಹ ಶುದ್ಧ ಆದದ್ದಕ್ಕ ಆಪರೇಶನ್ ಚಲೋ ಆತು. ಈ ಭಾನುವಾರ ಬರ್ರಿ. ಎರಡು ಮಾತು ಹೇಳ್ರಿ, ಜನಕ್ಕ ಧೈರ್ಯಾ ಬರತದ."

ನಮ್ಮವರಿಗೆ ಗಿರಾಕಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. "ಹಾಂ ಸರ್, ಬರಬಹುದು" ಎಂದರು. ನಾನು ಮಡಚಿದ ಬೆಡ್‌ಶೀಟನ್ನು ಸ್ವಲ್ಪ ಜೋರಾಗಿಯೇ ಕುರ್ಚಿಯ ಮೇಲೆ ಹಾಕಿದೆ.

"ಮತ್ತ ಇನ್ನೊಂದು ಕಣ್ಣಿಗೆ ಗಡಿಬಿಡಿ ಮಾಡಬ್ಯಾಡ್ರಿ. ಅದನ್ನ ನಾವು ಹಸೀದರಾಗನ ಕರಗಸೋಣ. ಈ ಸಲ ಹಣ್ಣು ಕಾಯಿಪಲ್ಲೆ ತೂಕ ನಾ ಖುದ್ದ ನೋಡ್ಕೋತೀನಿ."

ನಮ್ಮವರು ಒಂದು ಕಣ್ಣಿನಲ್ಲಿ ನನ್ನ ಮುಖ ನೋಡಿದರು. ಸ್ಪಷ್ಟವಾಗಿ ಕಂಡಿರಬೇಕು.

"ಸರ್, ಬರ್ತೇನೆ" ಎಂದರು. "ಈಗ ಇನ್ಸುಲಿನ್ ಚುಚ್ಚಿಕೊಳ್ತೇನೆ, ಮಾತ್ರೆ ತಗೊಳ್ತೇನೆ, ಬೇಯಿಸಿದ್ದು ತಿಂತೇನೆ. ಅದರಿಂದ ಶುಗರ್ ಇಳಿದದ್ದು, ಆಮೇಲೆ ಆಪರೇಶನ್ ಮಾಡಿದ್ದು. ಅದನ್ನು ಮೈಕಲ್ಲಿ ಹೇಳಬಹುದಾ ಸರ್?"

ಆ ಕಡೆ ಯಾವುದೋ ಬಸ್ಸಿನ ಹಾರ್ನ್ ಕೇಳಿಸಿತು.

"ವಿಚಾರ ಮಾಡಿ ಹೇಳತೀನ್ರಿ" ಎಂದರು ಸರ್. ಫೋನ್ ಇಟ್ಟರು. ವಿಚಾರ ಇನ್ನೂ ಮುಗಿದ ಹಾಗಿಲ್ಲ.

"ಅವರಿಗೆ ಬೇಜಾರಾಯ್ತೋ ಏನೋ" ಎಂದರು ನಮ್ಮವರು.

"ಆಗಲಿ."

"ಒಳ್ಳೆ ಮನುಷ್ಯ ಅಲ್ವಾ ಅವರು?"

"ಒಳ್ಳೆಯವರಿಗೆ ಏನು ಕಡಿಮೆ ಇಲ್ಲಿ. ನೀವು ತಲೆ ಹಿಂದೆ ಮಾಡಿ."

ಕಣ್ಣಿಗೆ ಔಷಧ ಬಿಡುವ ಹೊತ್ತಾಗಿತ್ತು. ಅವರು ಕುರ್ಚಿಯಲ್ಲಿ ಒರಗಿ ಮುಖ ಮೇಲೆ ಮಾಡಿದರು. ನಾನು ರೆಪ್ಪೆ ಬಿಡಿಸಿ ಒಂದು ಹನಿ ಹಾಕಿದೆ.